ಕ್ಷ ಎಂದರೆ ಮಾವಿನಹಣ್ಣಲ್ಲ

17ಕ್ಷ − 20 = 150. ಸಮೀಕರಣ ಕಲಿತಿರುವ ಹೈಸ್ಕೂಲಿನ ಯಾವ ಹುಡುಗನ ಮುಂದಾದರೂ ಇದನ್ನು ಇಟ್ಟು ನೋಡಿ. ಇಪ್ಪತ್ತನ್ನು ಆಚೆಗೆ ಕಳಿಸಿ, ಚಿಹ್ನೆ ಬದಲಿಸಿ, ಹದಿನೇಳರಿಂದ ಭಾಗಿಸಿ, ಅರ್ಧ ನಿಮಿಷದಲ್ಲಿ ‘ಕ್ಷ = 10’ ಎಂದು ಬರೆದು ಅಡಿಗೆರೆ ಎಳೆದು ಕೊಡುತ್ತಾನೆ. ಈಗ ಅದೇ ಹುಡುಗನಿಗೆ ಈ ಲೆಕ್ಕ ಕೊಡಿ: ‘ಒಂದು ನೋಟ್‌ಬುಕ್ಕಿನ ಬೆಲೆ ಒಂದು ಪೆನ್ನಿನ ಬೆಲೆಯ ಮೂರರಷ್ಟಕ್ಕಿಂತ 4 ರೂಪಾಯಿ ಕಡಿಮೆ. 5 ನೋಟ್‌ಬುಕ್ಕು ಮತ್ತು 2 ಪೆನ್ನು ಕೊಂಡರೆ ಒಟ್ಟು 150 ರೂಪಾಯಿ ಆಗುತ್ತದೆ. ಪೆನ್ನಿನ ಬೆಲೆ ಎಷ್ಟು?’ ಪೆನ್ಸಿಲಿನ ತುದಿ ಬಾಯಿಗೆ ಹೋಗುತ್ತದೆ. ಕಣ್ಣು ಕಿಟಕಿಯ ಕಡೆ ಹೊರಳುತ್ತದೆ. ಕೊನೆಗೆ ‘ಇದು ನಮಗೆ ಹೇಳಿಕೊಟ್ಟಿಲ್ಲ’ ಎಂಬ ಉತ್ತರ ಬರುತ್ತದೆ.

ವಿಚಿತ್ರವೆಂದರೆ ಎರಡೂ ಒಂದೇ ಲೆಕ್ಕ. ಎರಡನೆಯದನ್ನು ಗಣಿತದ ಭಾಷೆಗೆ ತಿರುಗಿಸಿದರೆ ಮೊದಲನೆಯದೇ ಸಿಗುತ್ತದೆ. (ಪಠ್ಯಪುಸ್ತಕಗಳಲ್ಲಿ ಇಂಗ್ಲಿಷಿನ ಎಕ್ಸ್, ವೈ ಅಕ್ಷರಗಳಿರುತ್ತವೆ. ಎಕ್ಸ್-ರೇಯನ್ನು ಕ್ಷ-ಕಿರಣವೆಂದು ಕರೆದವರ ದಾರಿಯಲ್ಲೇ ನಡೆದು ಇಲ್ಲಿ ಕ್ಷ, ಯ ಎಂದು ಬರೆಯೋಣ.) ಹಾಗಾದರೆ ಮಕ್ಕಳು ಎಡವುವುದು ಲೆಕ್ಕ ಬಿಡಿಸುವಲ್ಲಿ ಅಲ್ಲ, ಅದನ್ನು ಬರೆಯುವಲ್ಲಿ. ‘ನಮ್ಮ ಹುಡುಗಿಗೆ ಗಣಿತ ತಲೆಗೆ ಹತ್ತುವುದಿಲ್ಲ’ ಎಂದು ಕೊರಗುವ ತಾಯಿತಂದೆಯರು ಈ ವ್ಯತ್ಯಾಸವನ್ನು ಗಮನಿಸಿದರೆ ಅರ್ಧ ಚಿಂತೆ ಕಡಿಮೆಯಾದೀತು. ಹತ್ತನೆಯ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಅಧ್ಯಾಯ ಬರುತ್ತದೆ. ಅಲ್ಲಿ ಹೇಳಿಕೆ ಲೆಕ್ಕಗಳನ್ನು ಕಂಡೊಡನೆ ಬಿಟ್ಟು ಮುಂದೆ ಹೋಗುವ ಮಕ್ಕಳು ಕಳೆದುಕೊಳ್ಳುವುದು ಬರೀ ಮೂರು-ನಾಲ್ಕು ಅಂಕಗಳನ್ನಲ್ಲ. ಮುಂದೆ ಭೌತವಿಜ್ಞಾನ, ವಾಣಿಜ್ಯ, ಎಂಜಿನಿಯರಿಂಗ್ ಎಲ್ಲ ಕಡೆಯೂ ಲೆಕ್ಕಗಳು ಮಾತಿನ ರೂಪದಲ್ಲೇ ಎದುರಾಗುತ್ತವೆ. ಸಮೀಕರಣ ಬರೆದುಕೊಟ್ಟು ‘ಬಿಡಿಸು’ ಎನ್ನುವವರು ಶಾಲೆಯಾಚೆ ಯಾರೂ ಇರುವುದಿಲ್ಲ.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ ಮೂವರು ಸಂಶೋಧಕರು ನಡೆಸಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. 9ರಿಂದ 15 ವರ್ಷದ ಐದು ಮಕ್ಕಳು. ಸಂಶೋಧಕರು ಗಿರಾಕಿಗಳಂತೆ ಹೋಗಿ ತೆಂಗಿನಕಾಯಿ ಮೊದಲಾದವನ್ನು ಕೊಳ್ಳುತ್ತ ಬೆಲೆ ಕೇಳಿದರು, ಚಿಲ್ಲರೆ ಕೇಳಿದರು. ನೂರಕ್ಕೆ 98ರಷ್ಟು ಉತ್ತರಗಳು ಸರಿಯಾಗಿದ್ದವು. ಕೆಲವು ದಿನಗಳ ಬಳಿಕ ಅವೇ ಸಂಖ್ಯೆಗಳನ್ನು ಕಾಗದದ ಮೇಲೆ ಬರೀ ಗುಣಾಕಾರ, ವ್ಯವಕಲನಗಳಾಗಿ ಕೊಟ್ಟಾಗ ಸರಿ ಉತ್ತರಗಳು ನೂರಕ್ಕೆ 37ಕ್ಕೆ ಇಳಿದವು. ಒಂದು ಕಾಯಿಗೆ 35ರಂತೆ ನಾಲ್ಕು ಕಾಯಿಗೆ ಎಷ್ಟೆಂದು ಕೇಳಿದರೆ, ‘ಮೂರಕ್ಕೆ ನೂರೈದು, ಇನ್ನೊಂದು ಮೂವತ್ತೈದು, ನೂರನಲವತ್ತು’ ಎಂದು ಬಾಯಲ್ಲೇ ಹೇಳುವ ಮಗು, ಕಾಗದದ ಮೇಲೆ 35 × 4 ಮಾಡುವಾಗ ದಶಕವನ್ನು ತಪ್ಪಾಗಿ ಕೂಡಿಸಿ 200 ಎಂದು ಬರೆಯಿತು. ನಾಲ್ಕು ಕಾಯಿಗೆ ಇನ್ನೂರು ಕೇಳಿದರೆ ಗಿರಾಕಿ ಸುಮ್ಮನಿರುತ್ತಾನೆಯೇ ಎಂಬ ಯೋಚನೆ ಕಾಗದದ ಮುಂದೆ ಅದಕ್ಕೆ ಬರಲೇ ಇಲ್ಲ.

ನಮ್ಮ ದೇಶದಲ್ಲೂ ಇಂಥದೇ ಕೆಲಸ, ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಪರೀಕ್ಷಿಸಿ, ಫಲಿತಾಂಶವನ್ನು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತರಕಾರಿ ತೂಗಿ, ಎರಡು ಮೂರು ಸಾಮಾನುಗಳ ಬೆಲೆ ಕೂಡಿಸಿ, ಚಿಲ್ಲರೆ ಕೊಡುವುದನ್ನು ಈ ಮಕ್ಕಳು ಮನಸ್ಸಿನಲ್ಲೇ ಮಾಡಿ ಮುಗಿಸುತ್ತಿದ್ದರು. ಶಾಲೆಯ ರೀತಿಯ ಲೆಕ್ಕ ಕೊಟ್ಟರೆ ಹಿಂದೆ ಬೀಳುತ್ತಿದ್ದರು. ಅದರ ತಿರುಗುಮುರುಗು ಸಂಗತಿಯೂ ಹೊರಬಿತ್ತು: ಬರೀ ಶಾಲೆಗೆ ಹೋಗುವ, ವ್ಯಾಪಾರ ಮಾಡದ ಮಕ್ಕಳು ಪುಸ್ತಕದ ಲೆಕ್ಕವನ್ನು ಮೇಲಾಗಿ ಮಾಡಿದರು, ಅಂಗಡಿಯ ಲೆಕ್ಕದಲ್ಲಿ ಸೋತರು.

ಎರಡು ದಡಗಳು, ನಡುವೆ ಸೇತುವೆ ಇಲ್ಲ. ಅಂಗಡಿಯ ಮಾತನ್ನು ಸಮೀಕರಣವಾಗಿ ಬರೆಯುವ ಅಭ್ಯಾಸವೇ ಆ ಸೇತುವೆ ಆಗಬಲ್ಲದು ಎಂಬುದು ಈ ಲೇಖಕನ ನಂಬಿಕೆ. ಆದರೆ ಸೇತುವೆಯ ಮೊದಲ ಹಲಗೆಯಲ್ಲೇ ಒಂದು ಬಿರುಕಿದೆ.

ಡಜನ್ನಿನ ಮೋಸ

ನಿಮ್ಮ ಮನೆಯ ವಿದ್ಯಾರ್ಥಿಗೆ ಹೀಗೆ ಕೇಳಿ: ‘ಒಂದು ಡಜನ್‌ಗೆ 12 ಬಾಳೆಹಣ್ಣು. ಡಜನ್‌ಗಳ ಸಂಖ್ಯೆ ಡ, ಬಾಳೆಹಣ್ಣುಗಳ ಸಂಖ್ಯೆ ಬ. ಇವೆರಡರ ಸಂಬಂಧವನ್ನು ಸಮೀಕರಣವಾಗಿ ಬರೆ.’ ಬಹಳಷ್ಟು ಮಕ್ಕಳು, ಕೆಲವು ಸಲ ಅವರ ಅಪ್ಪಂದಿರೂ, ತಡಮಾಡದೆ ಡ = 12ಬ ಎಂದು ಬರೆಯುತ್ತಾರೆ. ಪರೀಕ್ಷಿಸಿ ನೋಡಿ. 24 ಬಾಳೆಹಣ್ಣಿದ್ದರೆ ಡ = 12 × 24 = 288. ಇಪ್ಪತ್ತನಾಲ್ಕು ಹಣ್ಣಿಗೆ ಇನ್ನೂರ ಎಂಬತ್ತೆಂಟು ಡಜನ್! ಸರಿಯಾದದ್ದು ಬ = 12ಡ.

ಎಲ್ಲಿ ತಪ್ಪಿತು? ‘1 ಡಜನ್ = 12 ಬಾಳೆಹಣ್ಣು’ ಎಂಬ ಗೋಡೆಬರಹದಂಥ ವಾಕ್ಯದಲ್ಲಿ ಡ ಎಂಬ ಅಕ್ಷರ ‘ಡಜನ್’ ಎಂಬ ಪದದ ಸಂಕ್ಷೇಪ. ಸಮೀಕರಣದಲ್ಲಿ ಅದು ಸಂಕ್ಷೇಪವಲ್ಲ, ಒಂದು ಸಂಖ್ಯೆ. ‘ಎಷ್ಟು ಡಜನ್‌ಗಳು’ ಎಂಬ ಪ್ರಶ್ನೆಗೆ ಉತ್ತರ. ಡಜನ್‌ಗಳು ಕಡಿಮೆ, ಹಣ್ಣುಗಳು ಹೆಚ್ಚು. ಸಮ ಮಾಡಬೇಕಾದರೆ ಕಡಿಮೆ ಇರುವುದನ್ನೇ ಹನ್ನೆರಡರಿಂದ ಗುಣಿಸಬೇಕಲ್ಲವೇ?

ನಮ್ಮ ಮಕ್ಕಳು ಮಾತ್ರ ಹೀಗೆ ಎಂದು ನೊಂದುಕೊಳ್ಳಬೇಕಾಗಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ 150 ವಿದ್ಯಾರ್ಥಿಗಳಿಗೆ ಇಂಥದೇ ಒಂದು ಪ್ರಶ್ನೆ ಕೊಡಲಾಯಿತು: ‘ಈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ, ಸಮೀಕರಣ ಬರೆಯಿರಿ.’ ನೂರಕ್ಕೆ 37 ಮಂದಿ ತಪ್ಪು ಬರೆದರು, ಅವರಲ್ಲಿ ಹೆಚ್ಚಿನವರು ಆರನ್ನು ವಿದ್ಯಾರ್ಥಿಗಳ ಪಕ್ಕಕ್ಕೇ ಅಂಟಿಸಿದ್ದರು. 1980ರ ದಶಕದ ಆರಂಭದಲ್ಲಿ ಜಾನ್ ಕ್ಲೆಮೆಂಟ್ ಮತ್ತಿತರರು ಪ್ರಕಟಿಸಿದ ಈ ಫಲಿತಾಂಶ ಗಣಿತ ಶಿಕ್ಷಣದ ವಲಯದಲ್ಲಿ ಇಂದಿಗೂ ಚರ್ಚೆಯಾಗುತ್ತದೆ.

ಈ ಗೊಂದಲಕ್ಕೆ ನಮ್ಮ ಬೋಧನೆಯ ಕೊಡುಗೆಯೂ ಇಲ್ಲದಿಲ್ಲ. ‘ಮೂರು ಮಾವಿನಹಣ್ಣು, ಎರಡು ಮಾವಿನಹಣ್ಣು ಸೇರಿ ಐದು ಮಾವಿನಹಣ್ಣು; ಹಾಗೆಯೇ 3ಮ + 2ಮ = 5ಮ’ ಎಂದು ಬೀಜಗಣಿತದ ಮೊದಲ ಪಾಠ ಶುರುವಾಗುವುದು ಎಷ್ಟೋ ಕಡೆ ರೂಢಿ. ಆ ದಿನದ ಮಟ್ಟಿಗೆ ಪಾಠ ಸಲೀಸಾಗಿ ಸಾಗುತ್ತದೆ. ಮರುವರ್ಷ 3ಮ × 2ಮ ಬಂದಾಗ ಮಾವಿನಹಣ್ಣನ್ನು ಮಾವಿನಹಣ್ಣಿನಿಂದ ಗುಣಿಸುವುದು ಹೇಗೆಂದು ಮಗು ಕೇಳಿದರೆ ಉತ್ತರವಿಲ್ಲ. ಮ ಎಂದರೆ ಹಣ್ಣಲ್ಲ, ಒಂದು ಹಣ್ಣಿನ ಬೆಲೆ ಎಂದು ಮೊದಲ ದಿನವೇ ಹೇಳಿದ್ದರೆ ಮೂರು ಹಣ್ಣಿನ ದುಡ್ಡು 3ಮ, ಎರಡು ಹಣ್ಣಿನ ದುಡ್ಡು 2ಮ, ಒಟ್ಟು 5ಮ ಎಂದು ಅರ್ಥವಾಗುತ್ತಿತ್ತು. ಕೂಡಿಸುತ್ತಿರುವುದು ಹಣ್ಣನ್ನಲ್ಲ, ರೂಪಾಯಿಯನ್ನು ಎಂಬುದೂ ತಿಳಿಯುತ್ತಿತ್ತು.

ಆದ್ದರಿಂದ ವಸ್ತುವಿನ ಹೆಸರಿನ ಮೊದಲ ಅಕ್ಷರವನ್ನು ಅವ್ಯಕ್ತಕ್ಕೆ ಬಳಸದಿರುವುದು ಲೇಸು. (ಪೆನ್ನಿಗೂ ‘ಪೆ’, ಪೆನ್ಸಿಲಿಗೂ ‘ಪೆ’ ಆದರೆ ಗತಿಯೇನು ಎಂಬುದು ಬೇರೆ ಮಾತು.) ಸಮೀಕರಣಕ್ಕೆ ಕೈಹಾಕುವ ಮುಂಚೆ ‘ಒಂದು ಪೆನ್ನಿನ ಬೆಲೆ ಕ್ಷ ರೂಪಾಯಿ ಆಗಿರಲಿ’ ಎಂದು ಪೂರ್ತಿ ವಾಕ್ಯ ಬರೆಯಬೇಕು. ‘ಪೆನ್ನು = ಕ್ಷ’ ಎಂದು ಬರೆದರೆ ಸಾಲದು. ಎಷ್ಟು ಪೆನ್ನೋ, ಎಷ್ಟು ರೂಪಾಯಿಯೋ ಅದರಿಂದ ತಿಳಿಯುವುದಿಲ್ಲ. ಈ ಒಂದು ಸಾಲಿಗೆ ಎಷ್ಟೋ ಮಕ್ಕಳು ಬೇಸರಪಡುತ್ತಾರೆ. ಲೆಕ್ಕದ ಬೇರೆಲ್ಲ ಸಾಲುಗಳಿಗಿಂತ ಅದೇ ಮುಖ್ಯವಾದ ಸಾಲು.

‘ಎಷ್ಟೋ ಅಷ್ಟು’

ಅಕ್ಷರವೆಂದರೆ ಸಂಖ್ಯೆ ಎಂಬ ಅರಿವು ನಮ್ಮ ಹಳೆಯ ಗಣಿತಜ್ಞರ ಪರಿಭಾಷೆಯಲ್ಲೇ ಅಡಗಿದೆ. ಅವ್ಯಕ್ತಕ್ಕೆ ಅವರು ಇಟ್ಟ ಹೆಸರು ‘ಯಾವತ್-ತಾವತ್’. ಕನ್ನಡದಲ್ಲಿ ಹೇಳುವುದಾದರೆ ‘ಎಷ್ಟೋ ಅಷ್ಟು’. ಎಂಥ ಸೊಗಸಾದ ಹೆಸರು! ಬೆಲೆ ಎಷ್ಟೋ ಗೊತ್ತಿಲ್ಲ, ಎಷ್ಟಿದೆಯೋ ಅಷ್ಟು ಎಂದಿಟ್ಟುಕೊಂಡು ಮುಂದೆ ಹೋಗೋಣ ಎಂಬ ಭಾವ. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲಕ್ಷರ ಮಾತ್ರ: ಯಾ, ಕಾ, ನೀ. ಗೊತ್ತಿರುವ ಸಂಖ್ಯೆಗೆ ‘ರೂಪ’, ಚುಟುಕಾಗಿ ‘ರೂ’. ನಮ್ಮ ರೂಪಾಯಿಯ ‘ರೂ’ ಜೊತೆ ಅದು ಹೊಂದಿಕೊಂಡಿರುವುದು ಅಂಗಡಿ ಲೆಕ್ಕಕ್ಕೆ ಬಲು ಅನುಕೂಲ!

1150ರಲ್ಲಿ ಭಾಸ್ಕರಾಚಾರ್ಯ ರಚಿಸಿದ ‘ಬೀಜಗಣಿತ’ದಲ್ಲಿ ಕುದುರೆ ವ್ಯಾಪಾರದ ಲೆಕ್ಕವೊಂದಿದೆ. ಒಬ್ಬನ ಬಳಿ 300 ನಾಣ್ಯ ಮತ್ತು 6 ಕುದುರೆ. ಇನ್ನೊಬ್ಬನ ಬಳಿ ಅದೇ ಬೆಲೆಯ 10 ಕುದುರೆ, ಆದರೆ 100 ನಾಣ್ಯ ಸಾಲ. ಇಬ್ಬರ ಸಿರಿಯೂ ಸಮ. ಹಾಗಾದರೆ ಕುದುರೆಯ ಬೆಲೆ ಎಷ್ಟು? ಒಂದು ಸಾಲಿನಲ್ಲಿ ‘ಯಾ 6 ರೂ 300’ ಎಂದೂ, ಅದರ ಕೆಳಗೆ ‘ಯಾ 10 ರೂ 100’ ಎಂದೂ ಬರೆದು, ಸಾಲವೆಂದು ತೋರಿಸಲು ಆ ನೂರರ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ನಮ್ಮ ರೀತಿಯಲ್ಲಿ 6ಕ್ಷ + 300 = 10ಕ್ಷ − 100. ಎರಡೂ ಕಡೆ ಆರು ಕುದುರೆಯ ಬೆಲೆ ತೆಗೆದುಬಿಟ್ಟರೆ ನಾಲ್ಕು ಕುದುರೆಗೆ ನಾನೂರು, ಒಂದಕ್ಕೆ ನೂರು. ಇಲ್ಲಿ ‘ಯಾ’ ಕುದುರೆಯ ಗುರುತಲ್ಲ, ಕುದುರೆಯ ಬೆಲೆ. ಅದು ಕುದುರೆಯೇ ಆಗಿದ್ದರೆ 6 ಕುದುರೆಗೆ 300 ನಾಣ್ಯ ಕೂಡಿಸುವುದು ಹೇಗೆ?

ಭಾಸ್ಕರನಿಗೂ ಸುಮಾರು ಮುನ್ನೂರು ವರ್ಷ ಮೊದಲು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಂತೂ ಸಾಕ್ಷಾತ್ ಹಣ್ಣಿನಂಗಡಿಯೇ ಇದೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸಂಸ್ಕೃತದಲ್ಲಿರುವ ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದಾಗ ಹೊರಜಗತ್ತಿಗೆ ಅದರ ಪರಿಚಯವಾಯಿತು. ಅದರ ಒಂದು ಲೆಕ್ಕದ ಸಾರಾಂಶ ಇಷ್ಟು: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು 107, 7 ಮಾದಲ, 9 ಬೇಲಕ್ಕೆ ಒಟ್ಟು 101. ಒಂದೊಂದರ ಬೆಲೆ ಎಷ್ಟು?

ಒಂದು ಮಾದಲದ ಬೆಲೆ ಕ್ಷ, ಒಂದು ಬೇಲದ ಬೆಲೆ ಯ ಆಗಿರಲಿ.

9ಕ್ಷ + 7ಯ = 107
7ಕ್ಷ + 9ಯ = 101

ಇಂದಿನ ಹತ್ತನೆಯ ತರಗತಿಯವರು ಮೊದಲನೆಯದನ್ನು ಒಂಬತ್ತರಿಂದ, ಎರಡನೆಯದನ್ನು ಏಳರಿಂದ ಗುಣಿಸಿ ಕಳೆಯುತ್ತಾರೆ. ಮಹಾವೀರನ ಸೂತ್ರವೂ ಅದೇ: ಹೆಚ್ಚಿನ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸು, ಕಡಿಮೆ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ ಅದರಿಂದ ಕಳೆ, ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು. 963ರಲ್ಲಿ 707 ಕಳೆದರೆ 256, 81ರಲ್ಲಿ 49 ಕಳೆದರೆ 32, ಭಾಗಿಸಿದರೆ 8. ಮಾದಲಕ್ಕೆ 8, ಬೇಲಕ್ಕೆ 5.

ಆದರೆ ಅಂಗಡಿಯ ಕಣ್ಣಿನಿಂದ ನೋಡಿದರೆ ಇನ್ನೂ ಸುಲಭದ ದಾರಿಯೊಂದಿದೆ. ಎರಡು ದಿನದ ಖರೀದಿಯನ್ನು ಕೂಡಿಸಿ: 16 ಮಾದಲ, 16 ಬೇಲಕ್ಕೆ 208. ಅಂದರೆ ಒಂದೊಂದು ಹಣ್ಣಿನ ಜೋಡಿಗೆ 13. ಈಗ ಕಳೆಯಿರಿ: ಎರಡು ಮಾದಲ ಹೆಚ್ಚು ಕೊಂಡು ಎರಡು ಬೇಲ ಬಿಟ್ಟದ್ದಕ್ಕೆ 6 ಹೆಚ್ಚು ಕೊಟ್ಟಿದ್ದೇವೆ. ಅಂದರೆ ಬೇಲಕ್ಕಿಂತ ಮಾದಲಕ್ಕೆ 3 ಹೆಚ್ಚು. ಎರಡರ ಮೊತ್ತ 13, ವ್ಯತ್ಯಾಸ 3. ಉಳಿದದ್ದು ಬಾಯಿಲೆಕ್ಕ.

ಕನ್ನಡದ ವಾಕ್ಯ ಓದುವ ಬಗೆ

ಹೇಳಿಕೆ ಲೆಕ್ಕ ಎಂದರೆ ಅರ್ಧ ಗಣಿತ, ಅರ್ಧ ಭಾಷೆ. ಸಂತೆಯಲ್ಲಿ ‘ನಿಂಬೆಹಣ್ಣು ಹತ್ತಕ್ಕೆ ಮೂರು’ ಎಂದು ಕೂಗುತ್ತಾರೆ. ಪಕ್ಕದಲ್ಲೇ ‘ಟೊಮೆಟೊ ಕೆಜಿಗೆ ಮೂವತ್ತು’. ಎರಡರಲ್ಲೂ ಚತುರ್ಥಿ ವಿಭಕ್ತಿಯೇ. ಮೊದಲನೆಯದರಲ್ಲಿ ‘ಕ್ಕೆ’ ಹತ್ತಿರುವುದು ದುಡ್ಡಿಗೆ, ಎರಡನೆಯದರಲ್ಲಿ ‘ಗೆ’ ಹತ್ತಿರುವುದು ಸರಕಿಗೆ. ಅಮ್ಮನ ಸೆರಗು ಹಿಡಿದು ಸಂತೆಗೆ ಹೋದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಪುಸ್ತಕದಲ್ಲಿ ‘10ಕ್ಕೆ 3ರಂತೆ’ ಎಂದು ಬರೀ ಸಂಖ್ಯೆಗಳಿದ್ದರೆ ಒಂದು ಹಣ್ಣಿನ ಬೆಲೆ ಹತ್ತನ್ನು ಮೂರರಿಂದ ಭಾಗಿಸಿದ್ದೋ, ಮೂರನ್ನು ಹತ್ತರಿಂದ ಭಾಗಿಸಿದ್ದೋ ಎಂದು ತಡವರಿಸುತ್ತದೆ. ‘ಮೂರು ಹಣ್ಣಿಗೆ 10 ರೂಪಾಯಿ’ ಎಂದು ಸಂಖ್ಯೆಯ ಮುಂದೆ ವಸ್ತುವನ್ನೋ ರೂಪಾಯಿಯನ್ನೋ ಸೇರಿಸಿ ಗಟ್ಟಿಯಾಗಿ ಓದಿಸಿ, ತಡವರಿಕೆ ಹೋಗುತ್ತದೆ.

ಇನ್ನೊಂದು ಕಡೆ ಕನ್ನಡ ನಮಗೆ ಸಹಾಯಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಇಂಥ ವಾಕ್ಯ ‘ನಾಲ್ಕು ಕಡಿಮೆ’ ಎಂಬುದರಿಂದ ಶುರುವಾಗಿ ಆಮೇಲೆ ‘ಮೂರರಷ್ಟಕ್ಕಿಂತ’ ಎನ್ನುತ್ತದೆ. ಆ ಮಾಧ್ಯಮದಲ್ಲಿ ಓದುವ ಎಷ್ಟೋ ಮಕ್ಕಳು ಪದಗಳ ಸರದಿಯಲ್ಲೇ ಬರೆಯಲು ಹೋಗಿ 4 − 3ಕ್ಷ ಎಂದುಬಿಡುತ್ತಾರೆ. ಕನ್ನಡದಲ್ಲಿ ‘ಪೆನ್ನಿನ ಬೆಲೆಯ, ಮೂರರಷ್ಟಕ್ಕಿಂತ, 4 ಕಡಿಮೆ’. ಕ್ಷ, ಅದರ ಮೂರರಷ್ಟು 3ಕ್ಷ, ಅದರಲ್ಲಿ 4 ಕಡಿಮೆ 3ಕ್ಷ − 4. ವಾಕ್ಯ ಸಾಗಿದ ದಾರಿಯಲ್ಲೇ ಗಣಿತವೂ ಸಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಇಂಥ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು ನೋಡಬಹುದು.

‘ಮೂರು ಪಟ್ಟು ಹೆಚ್ಚು’ ಎಂಬ ಪ್ರಯೋಗ ಮಾತ್ರ ಅಪಾಯದ್ದು. 3ಕ್ಷವೋ, ಕ್ಷದ ಮೇಲೆ ಇನ್ನೂ 3ಕ್ಷ ಸೇರಿ 4ಕ್ಷವೋ? ಹೇಳುವವರು ಸಾಮಾನ್ಯವಾಗಿ ಮೊದಲನೆಯದನ್ನೇ ಉದ್ದೇಶಿಸಿರುತ್ತಾರೆ. ಪ್ರಶ್ನೆಪತ್ರಿಕೆ ತೆಗೆಯುವವರು ‘ಮೂರರಷ್ಟು’ ಎಂದು ಬರೆದು ಮಕ್ಕಳಿಗೆ ಉಪಕಾರ ಮಾಡಬಹುದು.

ಟ್ಯೂಷನ್‌ಗಳಲ್ಲಿ ‘ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ, ಹೆಚ್ಚು ಎಂದರೆ ಕೂಡು’ ಎಂಬ ಮಂತ್ರ ಕಲಿಸುವುದುಂಟು. ‘ಗೀತಳ ಚೀಲದ ಬೆಲೆ 350 ರೂಪಾಯಿ. ಅದು ಅವಳ ತಮ್ಮನ ಚೀಲದ ಬೆಲೆಗಿಂತ 50 ರೂಪಾಯಿ ಹೆಚ್ಚು. ತಮ್ಮನ ಚೀಲದ ಬೆಲೆ ಎಷ್ಟು?’ ಮಂತ್ರ ನಂಬಿದವರ ಉತ್ತರ 400. ಆದರೆ ಸಮೀಕರಣವಾಗಿ ಬರೆದು ನೋಡಿ: ಕ್ಷ + 50 = 350. ‘ಹೆಚ್ಚು’ ಎಂಬ ಪದ ಸಂಕಲನ ಚಿಹ್ನೆಯಾಗಿಯೇ ಉಳಿದಿದೆ, ಆದರೆ ಸರಿಯಾದ ಜಾಗದಲ್ಲಿ, ತಮ್ಮನ ಚೀಲದ ಪಕ್ಕದಲ್ಲಿ! ಬೀಜಗಣಿತದ ದೊಡ್ಡ ಅನುಕೂಲವೇ ಇದು. ಅಂಕಗಣಿತದಲ್ಲಿ ಉತ್ತರದಿಂದ ಹಿಂದಕ್ಕೆ ನಡೆಯುತ್ತ ಎಲ್ಲಿ ಕಳೆಯಬೇಕು, ಎಲ್ಲಿ ಭಾಗಿಸಬೇಕು ಎಂದು ನಾವೇ ಯೋಚಿಸಬೇಕು. ಸಮೀಕರಣದಲ್ಲಿ ಕಥೆ ನಡೆದಂತೆ ಮುಂದಕ್ಕೆ ಬರೆದುಕೊಂಡು ಹೋದರಾಯಿತು.

ರಿಯಾಯಿತಿ ಮಾರಾಟದಲ್ಲಿ ಇದರ ಬೆಲೆ ತಿಳಿಯುತ್ತದೆ. ಶೇಕಡ 10 ರಿಯಾಯಿತಿ ಕಳೆದು ಅಂಗಿಗೆ 450 ರೂಪಾಯಿ ಕೊಟ್ಟಿರಿ; ಮೂಲ ಬೆಲೆ ಎಷ್ಟು? 450ರ ಹತ್ತನೆಯ ಒಂದು ಭಾಗ 45, ಕೂಡಿಸಿದರೆ 495 ಎನ್ನುವವರೇ ಹೆಚ್ಚು. ರಿಯಾಯಿತಿ ಸಿಕ್ಕಿದ್ದು ನಾವು ಕೊಟ್ಟ ಹಣದ ಮೇಲಲ್ಲ, ಮೂಲ ಬೆಲೆಯ ಮೇಲೆ. ಕ್ಷ − ಕ್ಷ/10 = 450. ಕ್ಷ = 500.

ಅಮೆರಿಕದ ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಪುಟ್ಟ ಪರೀಕ್ಷೆಯೊಂದರ ಪ್ರಶ್ನೆಯೂ ಇದೇ ಜಾತಿಯದು. ಬ್ಯಾಟು, ಚೆಂಡು ಸೇರಿ ಒಂದು ಡಾಲರ್ ಹತ್ತು ಸೆಂಟ್. ಚೆಂಡಿಗಿಂತ ಬ್ಯಾಟಿಗೆ ಒಂದು ಡಾಲರ್ ಹೆಚ್ಚು. ಚೆಂಡಿನ ಬೆಲೆ? ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ‘ಹತ್ತು ಸೆಂಟ್’ ಎಂದು ಮೋಸಹೋದರು. ಚೆಂಡಿನ ಬೆಲೆ ಕ್ಷ ಸೆಂಟ್ ಎಂದಿಟ್ಟು ಕ್ಷ + (ಕ್ಷ + 100) = 110 ಎಂದು ಬರೆದವರಿಗೆ ಐದೇ ಸೆಂಟ್ ಎಂದು ಕಾಣುತ್ತದೆ.

ಈಗ ಮೊದಲಿನ ನೋಟ್‌ಬುಕ್ಕಿಗೆ ಬರೋಣ. ಒಂದು ಪೆನ್ನಿನ ಬೆಲೆ ಕ್ಷ ರೂಪಾಯಿ. ಒಂದು ನೋಟ್‌ಬುಕ್ಕಿನ ಬೆಲೆ (3ಕ್ಷ − 4) ರೂಪಾಯಿ. ಐದು ನೋಟ್‌ಬುಕ್ಕಿಗೆ 5(3ಕ್ಷ − 4), ಎರಡು ಪೆನ್ನಿಗೆ 2ಕ್ಷ, ಒಟ್ಟು 150. ಆವರಣ ಚಿಹ್ನೆ ಮರೆತು 15ಕ್ಷ − 4 ಎಂದು ಬರೆಯುವವರಿಗೆ ಸೂತ್ರ ಹೇಳಿ ಗದರಿಸುವ ಬದಲು ಅಂಗಡಿಯನ್ನೇ ನೆನಪಿಸಿ: ನಾಲ್ಕು ರೂಪಾಯಿ ಕಡಿಮೆ ಇರುವುದು ಒಂದು ಪುಸ್ತಕಕ್ಕೆ. ಐದು ಕೊಂಡರೆ ಇಪ್ಪತ್ತು ಕಡಿಮೆ. 15ಕ್ಷ − 20 + 2ಕ್ಷ = 150, ಅಂದರೆ 17ಕ್ಷ − 20 = 150. ಪೆನ್ನಿಗೆ 10, ನೋಟ್‌ಬುಕ್ಕಿಗೆ 26.

ಕಾಲು ಕೆಜಿ, ಎರಡು ಬಿಲ್ಲು

ಅಳತೆಗಳ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಕಾಲು ಕೆಜಿ ಕಾಫಿಪುಡಿ ಮತ್ತು ಕೆಜಿಗೆ 45 ರೂಪಾಯಿಯ ಸಕ್ಕರೆ 2 ಕೆಜಿ, ಒಟ್ಟು 240 ರೂಪಾಯಿ. ಒಬ್ಬಳು ಕ್ಷ/4 + 90 = 240 ಎಂದು ಬರೆದಳು, ಇನ್ನೊಬ್ಬಳು 250ಕ್ಷ + 90 = 240 ಎಂದು. ಯಾರದು ಸರಿ? ಮೊದಲ ಸಾಲು ಬರೆದಿದ್ದರೆ ಇಬ್ಬರದೂ ಸರಿ. ಮೊದಲನೆಯವಳ ಕ್ಷ ಒಂದು ಕೆಜಿಯ ಬೆಲೆ, 600 ರೂಪಾಯಿ. ಎರಡನೆಯವಳ ಕ್ಷ ಒಂದು ಗ್ರಾಮಿನ ಬೆಲೆ, 60 ಪೈಸೆ. ಕ್ಷ ಏನೆಂದು ಬರೆಯದಿದ್ದರೆ ಮಾತ್ರ ಇಬ್ಬರದೂ ತಪ್ಪು.

ಎರಡು ಬಿಲ್ಲುಗಳಿದ್ದರೆ ಎರಡು ಬೆಲೆ ಸಿಕ್ಕೇ ಸಿಗುತ್ತದೆ ಎಂದೂ ಅಲ್ಲ. 1 ಕೆಜಿ ಟೊಮೆಟೊ, 2 ಕೆಜಿ ಈರುಳ್ಳಿಗೆ 100 ರೂಪಾಯಿ. ಮರುವಾರ 2 ಕೆಜಿ ಟೊಮೆಟೊ, 4 ಕೆಜಿ ಈರುಳ್ಳಿಗೆ 200. ಎರಡನೆಯ ಬಿಲ್ಲು ಹೊಸದೇನನ್ನೂ ಹೇಳಲಿಲ್ಲ, ಮೊದಲನೆಯದನ್ನೇ ಇಮ್ಮಡಿ ಮಾಡಿತು. ಟೊಮೆಟೊ 20, ಈರುಳ್ಳಿ 40 ಇರಬಹುದು. 40, 30 ಇರಬಹುದು. ಪುಸ್ತಕದ ಮಾತಿನಲ್ಲಿ ಇದಕ್ಕೆ ‘ಅಪರಿಮಿತ ಪರಿಹಾರಗಳು’. ಮರುವಾರದ ಬಿಲ್ಲು 180 ಆಗಿದ್ದರೆ? ಪುಸ್ತಕ ‘ಪರಿಹಾರವಿಲ್ಲ’ ಎಂದು ಬರೆಸುತ್ತದೆ, ನಕ್ಷೆಯಲ್ಲಿ ಎರಡು ಸಮಾಂತರ ರೇಖೆ ಎಳೆಸುತ್ತದೆ. ಮನೆಯ ಗೃಹಿಣಿ ‘ಈ ವಾರ ತರಕಾರಿ ಇಳಿದಿದೆ’ ಎನ್ನುತ್ತಾಳೆ. ಇಬ್ಬರೂ ಹೇಳುತ್ತಿರುವುದು ಒಂದೇ ಸಂಗತಿ: ಎರಡು ವಾರದ ಕ್ಷ ಒಂದೇ ಕ್ಷ ಅಲ್ಲ.

ಸಂತೆ ಮುಗಿಸಿ ಆಟೊ ಹತ್ತಿದರೆ ಅಲ್ಲೂ ಒಂದು ಸ್ವಾರಸ್ಯವಿದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ದೂರ ಕ್ಷ ಕಿಲೋಮೀಟರ್, ಎರಡಕ್ಕಿಂತ ಹೆಚ್ಚು ಎಂದುಕೊಳ್ಳಿ. ಬಾಡಿಗೆ 36 + 18ಕ್ಷ ಎಂದು ಬರೆಯುವವರು ಮೊದಲ ಎರಡು ಕಿಲೋಮೀಟರಿಗೆ ಎರಡು ಸಲ ಹಣ ಕೊಡುತ್ತಿದ್ದಾರೆ! ಸರಿಯಾದದ್ದು 36 + 18(ಕ್ಷ − 2). ಆವರಣ ಬಿಡಿಸಿದರೆ 36ಕ್ಕೆ 36 ವಜಾ ಆಗಿ ಬರೀ 18ಕ್ಷ ಉಳಿಯುತ್ತದೆ. 5 ಕಿಲೋಮೀಟರಿಗೆ 90. ಮೀಟರ್ ಹಾಕುವ ಚಾಲಕ ಸಿಕ್ಕಿದರೆ, ಕಾಯುವ ಸಮಯದ ಹಣ ಬಿಟ್ಟು, ತಾಳೆ ನೋಡಬಹುದು.

ತಾಳೆ ನೋಡುವುದರ ಬಗ್ಗೆ ಒಂದು ಮಾತು. ಸಿಕ್ಕ ಉತ್ತರವನ್ನು ತಾವೇ ಬರೆದ ಸಮೀಕರಣಕ್ಕೆ ಹಾಕಿ ‘ಎಡಬದಿ = ಬಲಬದಿ’ ಎಂದು ಬರೆದರೆ ಸಮೀಕರಣ ಸರಿಯಾಗಿ ಬಿಡಿಸಿದ್ದೇವೆಂದು ಗೊತ್ತಾಗುತ್ತದೆಯೇ ಹೊರತು ಸರಿಯಾದ ಸಮೀಕರಣ ಬರೆದಿದ್ದೇವೆಂದು ಗೊತ್ತಾಗುವುದಿಲ್ಲ. ಉತ್ತರವನ್ನು ಪ್ರಶ್ನೆಯ ವಾಕ್ಯಕ್ಕೇ ಹಾಕಿ ಓದಬೇಕು: ಪೆನ್ನು 10, ಅದರ ಮೂರರಷ್ಟು 30, ನಾಲ್ಕು ಕಡಿಮೆ 26, ಐದಕ್ಕೆ 130, ಪೆನ್ನಿಗೆ 20, ಒಟ್ಟು 150. ಅಂಗಡಿಯವರು ದಿನಾ ಮಾಡುವುದು ಇದನ್ನೇ. 135 ರೂಪಾಯಿಯ ಸಾಮಾನಿಗೆ 200ರ ನೋಟು ಕೊಟ್ಟರೆ ಅವರು ಇನ್ನೂರರಲ್ಲಿ ಕಳೆಯುವುದಿಲ್ಲ. ‘ನೂರ ಮೂವತ್ತೈದು’ ಎಂದು ಶುರುಮಾಡಿ ಐದು ಇಟ್ಟು ‘ನಲವತ್ತು’, ಹತ್ತು ಇಟ್ಟು ‘ನೂರೈವತ್ತು’, ಐವತ್ತು ಇಟ್ಟು ‘ಇನ್ನೂರು’ ಎನ್ನುತ್ತಾರೆ. 135 + ಕ್ಷ = 200 ಎಂಬುದನ್ನು ಗಲ್ಲಾಪೆಟ್ಟಿಗೆಯ ಮೇಲೆ ಮುಂದಕ್ಕೆ ನಡೆದು ಬಿಡಿಸುವ ರೀತಿ ಅದು.

ಮನೆಯಲ್ಲಿ ಮಾಡಿಸಬಹುದಾದ ಒಂದು ಅಭ್ಯಾಸವಿದೆ. ಅದಕ್ಕೆ ಗೈಡೂ ಬೇಡ, ಟ್ಯೂಷನ್ನೂ ಬೇಡ. ಲೆಕ್ಕ ಕೊಟ್ಟು ಸಮೀಕರಣ ಕೇಳುವ ಬದಲು ಸಮೀಕರಣ ಕೊಟ್ಟು ಅಂಗಡಿಯ ಕಥೆ ಕೇಳಿ. ಉದಾಹರಣೆಗೆ 5ಕ್ಷ + 20 = 3ಕ್ಷ + 60. ‘ಅಕ್ಕ ಐದು ಮೊಳ ಹೂವು, ಇಪ್ಪತ್ತು ರೂಪಾಯಿಯ ಕರ್ಪೂರ ಕೊಂಡಳು, ಅತ್ತಿಗೆ ಅದೇ ದರದ ಮೂರು ಮೊಳ ಹೂವು, ಅರವತ್ತು ರೂಪಾಯಿಯ ಊದುಬತ್ತಿ ಕೊಂಡಳು, ಇಬ್ಬರಿಗೂ ಖರ್ಚು ಒಂದೇ ಆಯಿತು’ ಎಂದು ಮಗು ಹೇಳಿದರೆ ಕ್ಷ ಎಂದರೆ ಒಂದು ಮೊಳದ ಬೆಲೆ ಎಂದು ಅದಕ್ಕೆ ತಿಳಿದಿದೆ. ‘ಐದು ಹೂವಿಗೆ ಇಪ್ಪತ್ತು ರೂಪಾಯಿ’ ಎಂದು ಕಥೆ ಶುರುಮಾಡಿದರೆ ಕ್ಷ ಇನ್ನೂ ಹೂವಾಗಿಯೇ ಉಳಿದಿದೆ ಎಂದರ್ಥ. ಆಗ ಬಿಡಿಸುವ ಆತುರ ಬೇಡ, ಕಥೆಯನ್ನೇ ಇನ್ನೊಮ್ಮೆ ಹೇಳಿಸಿ. ಮೊಳ ಯಾರ ಮೊಳಕೈಯದು, ಹೂವಾಡಗಿತ್ತಿಯದೋ ನಮ್ಮದೋ ಎಂದು ಮಗು ತಿರುಗಿ ಕೇಳಿದರಂತೂ ಸಂತೋಷಪಡಿ. ಅಳತೆಯ ಮಾನ ಯಾವುದೆಂದು ಕೇಳುವಷ್ಟು ಅದು ಕಲಿತಿದೆ.